ಎದುರುಮನೆ ಅಂಕಲ್ ಮತ್ತು ಮೂರು ರೆಗ್ಯುಲೇಟರ್

ಮೊದಲೇ ಒಪ್ಪಿಕೊಂಡುಬಿಡ್ತೀನಿ, ಆಮೇಲೆ ನೀವು ಬೈಯೋ ಶ್ರಮ ಬೇಡ. ನಮ್ಮ ಎದುರುಮನೆ ಅಂಕಲ್ ಕೆಲಸ ಹೋಗಿದ್ದು ನನ್ನ ಮಿಮಿಕ್ರಿಯಿಂದ. ಅವರದು ಸ್ವಂತ ಕಂಪನಿ, ಸ್ವಂತ ಮನೆಯ ಗ್ಯಾರೇಜೇ ಆಫೀಸು, ಅವರನ್ನು ತೆಗೆದುಹಾಕೋ ಮೇಲಧಿಕಾರಿ ಅಂತ ಯಾರೂ ಇರಲಿಲ್ಲ. ಆದರೂ ಹೋಯ್ತು. ಒಂದು ಸಂಜೆ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗ್ತಿರುವಾಗಲೇ...

ಇವತ್ತು ಯಾಕೆ ನೆನಪಾಯ್ತು ಅಂದರೆ, ಗೋಬಿ ಮಂಚೂರಿ. ಸುದ್ದಗುಂಟೆಪಾಳ್ಯದಲ್ಲಿ ಗಾಡಿ ಮುಂದೆ ನಿಂತಿದ್ದೆ. ಗಾಡಿಯವನು ಬಾಣಲೆಗೆ ವಿನೆಗರ್ ಸುರಿದ. ಆ ಹುಳಿ ಹೊಗೆ ಬೇರೆಯವರಿಗೆ ಹಸಿವು ತರಿಸುತ್ತೆ, ನನಗೆ ಅಂಕಲ್ ಗ್ಯಾರೇಜಿನ ಬಾಗಿಲು ತೆಗೆದ ಹಾಗಾಯ್ತು. ಅಲ್ಲಿ ಆಂಟಿಯ ಹಳೇ ಉಪ್ಪಿನಕಾಯಿ ಜಾಡಿಗಳಲ್ಲಿ ವಿನೆಗರ್ ಬೆರೆಸಿದ ನೀರಿರುತ್ತಿತ್ತು. ಅದರೊಳಗೆ ಕಿಲುಬು ಹಿಡಿದ ಹಿತ್ತಾಳೆ ಬಿಡಿಭಾಗಗಳು ಮಾವಿನಕಾಯಿ ಹೋಳುಗಳ ಥರ ನೆನೆಯುತ್ತಿರುತ್ತಿದ್ದವು. ಒಮ್ಮೆ ನಿಜವಾದ ಉಪ್ಪಿನಕಾಯಿ ಅಂದುಕೊಂಡು ಬೆರಳದ್ದಿ ನೆಕ್ಕಿದವನು ನಾನೇ. ಬೇರೆಯವರ ಮೇಲೆ ಹಾಕಿ ಹೇಳಬಹುದಿತ್ತು, ಯಾರೂ ನಂಬಲ್ಲ.

ಅಂಕಲ್ ನೌಕಾದಳದಲ್ಲಿ ಡೈವರ್ ಆಗಿದ್ದವರು. ನಿವೃತ್ತರಾಗಿ ಜಯನಗರಕ್ಕೆ ಬಂದು, ನೀರೊಳಗಿನ ರಿಪೇರಿ ಮಾಡಿಕೊಡುವ ಕಂಪನಿ ತೆಗೆದರು. ಸೇತುವೆ ಕಂಬ, ಅಣೆಕಟ್ಟಿನ ಗೇಟು, ಇಂಥವು. ಕಡಲು ಹಾಗಿರಲಿ, ಇದ್ದ ಕೆರೆಗಳನ್ನೇ ಮುಚ್ಚಿ ಸೈಟು ಮಾಡಿಕೊಂಡ ಊರಲ್ಲಿ ಮುಳುಗೋ ಕಂಪನಿ! ಬೀದಿಯವರೆಲ್ಲ ನಕ್ಕಿದ್ದರು. ನಕ್ಕವರ ಧ್ವನಿಯನ್ನೆಲ್ಲ ನಾನು ಅಂಕಲ್‌ಗೆ ಮಾಡಿ ತೋರಿಸಿದ್ದೆ.

ಆಗ ನನ್ನ ಉದ್ಯೋಗ ಅದೇ. ಬಿ.ಕಾಂ.ನಲ್ಲಿ ಎರಡು ಸಬ್ಜೆಕ್ಟು ಬಾಕಿ, ಗಣೇಶನ ಪೆಂಡಾಲುಗಳಲ್ಲಿ ಮಿಮಿಕ್ರಿ. ಸೊಪ್ಪಿನ ಅಜ್ಜಿ, ನೀರಿನ ಟ್ಯಾಂಕರ್ ಡ್ರೈವರು, ನನಗೆ ಬೈಯೋ ನಮ್ಮಪ್ಪ, ಬೈಸಿಕೊಳ್ಳೋ ನಾನು... ಎಲ್ಲ ಪಾತ್ರವೂ ನನ್ನ ಹತ್ತಿರ ಇತ್ತು. ಅಂಕಲ್ ಮನೆಯಿಂದ ಸಿಕ್ಕ ಹಿಟ್ ಐಟಂ ಎಂದರೆ ಆಂಟಿಯ ಗಂಟಲು. "ರೀ, ಕಾಫೀ!" ಅಂದರೆ ಪಕ್ಕದ ಕ್ರಾಸ್‌ನವರೂ ಲೋಟ ಹಿಡಿದು ಬರಬೇಕು, ಅಷ್ಟು ಜೋರು. ಅಂಕಲ್ ಮಾತ್ರ ಯಾವತ್ತೂ ಫೋನ್ ಎತ್ತುತ್ತಿರಲಿಲ್ಲ, ಆಂಟಿಯೇ ಎತ್ತಬೇಕು. ದೊಡ್ಡ ಮನುಷ್ಯರ ಗತ್ತು ಅಂದುಕೊಂಡಿದ್ದೆ.

ಆ ವರ್ಷ ಅವರಿಗೊಂದು ದೊಡ್ಡ ಕೆಲಸ ಸಿಕ್ಕಿತು. ಈಶಾನ್ಯದ ಗುಡ್ಡಗಳ ಆಳದಲ್ಲಿ ಒಂದು ಅಣೆಕಟ್ಟು. ಗೇಟಿನ ಮುಂದೆ ನೀರಡಿಯಲ್ಲಿ ಮರದ ದಿಮ್ಮಿ, ಕಸ, ಹೂಳು ಕಟ್ಟಿಕೊಂಡಿತ್ತು. ಅದನ್ನು ಬಿಡಿಸಬೇಕು. ರಸ್ತೆ ಕುಸಿದರೆ ವಾರಗಟ್ಟಲೆ ಯಾರೂ ಬರುವಂತಿಲ್ಲ, ಹೋಗುವಂತಿಲ್ಲ. ಅಲ್ಲಿ ಒಂದು ರಬ್ಬರ್ ಬಳೆ ಹರಿದರೂ ತರೋಕೆ ಅಂಗಡಿ ಇಲ್ಲ. ಆದ್ದರಿಂದ ಹೊರಡೋ ಮುಂಚೆ ಅಂಕಲ್ ಹೊಸ ರೆಗ್ಯುಲೇಟರ್‌ಗಳನ್ನು ಆರಿಸಬೇಕಿತ್ತು.

ರೆಗ್ಯುಲೇಟರ್ ಅಂದರೆ ನನಗೆ ಗೊತ್ತಿದ್ದದ್ದು ಎರಡೇ, ಫ್ಯಾನಿಂದು ಮತ್ತು ಗ್ಯಾಸಿಂದು. ಇದು ಮೂರನೆಯದು. ಡೈವರ್ ಬೆನ್ನಿನ ಸಿಲಿಂಡರ್‌ನಲ್ಲಿ ಗಾಳಿ ಹುಚ್ಚು ಒತ್ತಡದಲ್ಲಿರುತ್ತೆ. ಅದನ್ನು ಪಳಗಿಸಿ, ಉಸಿರು ಎಳೆದಾಗ ಎಳೆದಷ್ಟೇ ಕೊಡೋ ಯಂತ್ರ. ಅದು ಕೈಕೊಟ್ಟರೆ ಕೆಳಗಿರೋ ಮನುಷ್ಯನಿಗೆ ಮತ್ತೊಂದು ಮಾತಿಲ್ಲ.

ಡೀಲರ್ ಕಡೆಯ ಹುಡುಗ ಮೂರು ಬಗೆ ತಂದು ಮೇಜಿನ ಮೇಲಿಟ್ಟ. ಅದರಲ್ಲೊಂದು ಮದುವೆಗಂಡಿನ ಹಾಗೆ ಫಳಫಳ.

"ಸಾರ್, ಇದು ಕೆಡೋದೇ ಇಲ್ಲ ಸಾರ್," ಅಂದ.

ಅಂಕಲ್ ಅವನ ಬಾಯನ್ನೇ ನೋಡ್ತಾ ಹೇಳಿದರು: "ಕೆಡದೇ ಇರೋದು ಪ್ರಪಂಚದಲ್ಲಿ ಯಾವುದೂ ಇಲ್ಲಪ್ಪ. ಕೆಟ್ಟಾಗ ಏನ್ ಮಾಡತ್ತೆ, ಅದನ್ನ ಹೇಳು. ಗಾಳಿ ಸುರಿಸುತ್ತೋ, ನಿಲ್ಲಿಸುತ್ತೋ? ಸುರಿಸಿದ್ರೆ ನೀರಿಗಿಳಿದ ನನ್ನ ಹುಡುಗ ಮೇಲಕ್ಕೆ ಬರ್ತಾನೆ. ನಿಲ್ಲಿಸಿದ್ರೆ ನಾನು ಅವನ ತಾಯಿಗೆ ಫೋನ್ ಮಾಡ್ಬೇಕು."

ಆಮೇಲೆ ಮಾಡಿದ್ದನ್ನು ನೋಡಿ ಡೀಲರ್ ಹುಡುಗನ ಮುಖ ಬಿಳುಚಿಕೊಂಡಿತು. ನನ್ನದೂ. ಅಂಜನಾಪುರದ ಕೆರೆ ಅಂಚಿನಿಂದ ಬಕೆಟ್‌ನಲ್ಲಿ ತರಿಸಿದ್ದ ಕೆಸರಿಗೆ ಆ ಮೂರನ್ನೂ ಮುಳುಗಿಸಿ, ಕಲಸಿ, ತೊಳೆಯದೆ ತಾರಸಿ ಮೇಲೆ ಬಿಸಿಲಿಗೆ ಹಾಕಿದರು! ಆಂಟಿಯ ಸಂಡಿಗೆ ಪಕ್ಕದಲ್ಲೇ. ಸಂಜೆ ಮತ್ತೆ ಕೆಸರು, ಬೆಳಿಗ್ಗೆ ಮತ್ತೆ ಬಿಸಿಲು. ಒಂದನ್ನು ತಾರಸಿ ಮೆಟ್ಟಿಲಿಂದ ಉರುಳಿಸಿದ್ದೂ ಉಂಟು.

"ರೀ, ನಿಮ್ಮ ಮೂತಿಗಳನ್ನ ಆಚೆ ಇಡ್ರೀ! ನನ್ನ ಸಂಡಿಗೇಗೆ ಮಣ್ಣು ಬೀಳತ್ತೆ!" ಆಂಟಿ ಕೂಗಿದ್ದು ಜಯನಗರಕ್ಕೆಲ್ಲ ಕೇಳಿಸಿತು.

ನಾನು ಸುಮ್ಮನಿರೋ ಜಾತಿ ಅಲ್ಲ. ಪ್ರತಿ ರೆಗ್ಯುಲೇಟರ್‌ನ ಉಸಿರಾಟವನ್ನೂ ಬಾಯಲ್ಲಿ ಮಾಡಿ, ಹೆಸರಿಟ್ಟೆ. ಫಳಫಳದವನು ಮದುಮಗ. ಇನ್ನೊಂದು 'ಪ್ಸ್‌ಶ್' ಅಂತ ಬಿಎಂಟಿಸಿ ಬಸ್ಸಿನ ಬಾಗಿಲು. ಮೂರನೆಯದು ದಪ್ಪಗೆ, ಅಂದಗೇಡಿ, ಬೆಳಿಗ್ಗೆ ಪಾರ್ಕಿನಲ್ಲಿ ಪ್ರಾಣಾಯಾಮ ಮಾಡೋ ರಿಟೈರ್ಡ್ ಮೇಷ್ಟ್ರ ಹಾಗೆ ನಿಧಾನ. ಅವರಿಗೆ ಪೆನ್ಶನ್ ಮೇಷ್ಟ್ರು ಅಂತ ನಾಮಕರಣ ಮಾಡಿದೆ. ಅಂಕಲ್ ಬಿದ್ದು ಬಿದ್ದು ನಕ್ಕರು. ಮರುದಿನದಿಂದ ಕೆಸರಿನ ಸ್ನಾನ ಆದ ಮೇಲೆ ನನ್ನನ್ನೇ ಕರೆಯೋರು. "ಬಾರೋ, ಇವತ್ತು ಇವರು ಹೇಗಿದ್ದಾರೆ ಮಾಡಿ ತೋರ್ಸು." ಪೆಂಡಾಲಿನಲ್ಲೂ ಇಷ್ಟು ಗಮನ ಸಿಕ್ಕಿರಲಿಲ್ಲ. ಇಷ್ಟು ದೊಡ್ಡ ಅಭಿಮಾನಿ ಎದುರುಮನೆಯಲ್ಲೇ ಇದ್ದಾರಲ್ಲ ಅಂತ ಬೀಗಿದೆ.

ಕೆಲವು ದಿನದಲ್ಲಿ ಬಸ್ ಬಾಗಿಲಿನ ಒಳಕ್ಕೆ ಹೂಳು ಹೋಗಿ, ಉಸಿರು ಎಳೆಯೋಕೆ ಕೆನ್ನೆ ಒಳಗೆ ಹೋಗುವಷ್ಟು ಬಿಗಿಯಾಯ್ತು. ಅದು ಔಟ್. ಮದುಮಗ ಮಾತ್ರ ಚೆನ್ನಾಗೇ ಇದ್ದ. ನಾನು ಅವನ ಪಾತ್ರ ಮಾಡ್ತಾ, ಉಸಿರು ನಿಂತ ಮೇಲೆ ಕೊನೆಗೊಂದು ಸಣ್ಣ 'ಸ್ಸ್‌... ಟಿಕ್' ಸೇರಿಸಿದೆ. ಸ್ವಂತದ್ದಲ್ಲ, ಅವನು ಹಾಗೇ ಮಾಡ್ತಿದ್ದ. ಅಂಕಲ್ ನಗು ನಿಂತುಹೋಯ್ತು.

"ಇನ್ನೊಂದ್ಸಲ ಮಾಡು."

ಮಾಡಿದೆ, ಇನ್ನೂ ದೊಡ್ಡದಾಗಿ.

ಅವರು ಮದುಮಗನನ್ನು ಮೀಟರಿಗೆ ಜೋಡಿಸಿ ಕಾದು ಕೂತರು. ಮುಳ್ಳು ನಿಲ್ಲಬೇಕಾದಲ್ಲಿ ನಿಲ್ಲದೆ, ಕಳ್ಳನ ಹಾಗೆ ಮೇಲೇರಿತು. ಒಳಗೆ ಗಾಳಿ ತಡೆಯೋ ಸೀಟಿನಲ್ಲಿ ಮರಳು ಕಚ್ಚಿ, ಗಾಳಿ ಸೋರುತ್ತಿತ್ತು. ಮದುಮಗನೂ ಔಟ್. ಪೆನ್ಶನ್ ಮೇಷ್ಟ್ರು ಪಾಸಾದರು. ಬಿಚ್ಚಿದರೆ ಒಳಗೆ ಬಿಡಿಭಾಗ ಕಮ್ಮಿ, ಸ್ಪ್ರಿಂಗಿಗೆ ನೀರು ತಾಕದ ಹಾಗೆ ಮುಚ್ಚಿಗೆ, ಗ್ಲೌಸ್ ಹಾಕಿಕೊಂಡೇ ಬಿಚ್ಚಿ ಜೋಡಿಸಬಹುದು. "ಆ ಗುಡ್ಡದಲ್ಲಿ ನಮಗೆ ಬೇಕಿರೋದು ಜಾಣ ಅಲ್ಲ, ರಿಪೇರಿಗೆ ಬಗ್ಗೋನು" ಅಂದರು ಅಂಕಲ್.

ಆರ್ಡರ್ ಮಾಡಿದ ಸೆಟ್ ಬಂದ ಮೇಲೆ ಕನಕಪುರ ರಸ್ತೆ ಆಚೆಯ, ನೀರು ತುಂಬಿದ ಹಳೇ ಕಲ್ಲುಕ್ವಾರಿಯಲ್ಲಿ ಒಂದು ಟ್ರಯಲ್. ಇಳಿದವರು ತಂಡದ ಹಿರಿಯ ಡೈವರ್, ಮಲ್ಪೆ ಕಡೆಯ ಅಣ್ಣ. ಅವರು ಹಾಕಿಕೊಂಡಿದ್ದ ಮುಖವಾಡದೊಳಗೆ ಮೈಕು, ಅದರ ವೈರು ದಡದಲ್ಲಿದ್ದ ಅಂಕಲ್ ಮುಂದಿನ ಫೋನ್ ಡಬ್ಬಿಗೆ. ಮೇಲೆ ಕೂತ ಸೂಪರ್‌ವೈಸರ್‌ಗೆ ಅದೇ ಕೆಲಸ. ಡೈವರ್ ಮಾತು ಕೇಳೋದು, ಮಾತಿಗಿಂತ ಹೆಚ್ಚಾಗಿ ಉಸಿರು ಕೇಳೋದು. ಉಸಿರು ಕೆಟ್ಟರೆ ಎಳೆದುಕೊಳ್ಳೋದು. ನಾನು ಮೇಲಿನ ಬಂಡೆ ಮೇಲೆ ಚುರುಮುರಿ ತಿನ್ನುತ್ತಾ, ಮುಂದಿನ ಐಟಂಗೆ ಬೇಕಾಗುತ್ತೆ ಅಂತ ಅಂಕಲ್ ಭಂಗಿಯನ್ನೇ ಕಣ್ಣಲ್ಲಿ ಹಿಡೀತಿದ್ದೆ. ಡಬ್ಬಿಯ ಮಾತು ನನ್ನವರೆಗೆ ಬರ್ತಿರಲಿಲ್ಲ. "ಗುಡ್, ಗುಡ್" ಅಂತ ಅಂಕಲ್ ಹೇಳಿದ್ದಷ್ಟೇ ಕೇಳಿಸಿತು.

ಮಲ್ಪೆಯಣ್ಣ ಕೆಮ್ಮುತ್ತಾ, ಕಣ್ಣು ಕೆಂಪು ಮಾಡಿಕೊಂಡು ಮೇಲೆ ಬಂದರು.

"ಸರ್, ನೀರು ಒಳಗೆ ಬರ್ತಾ ಉಂಟು ಅಂತ ಮೂರು ಸಲ ಹೇಳಿದೆ! ನೀವು ಗುಡ್ ಅಂದ್ರಲ್ಲ!"

ಉಸಿರು ಬಿಡೋ ಕವಾಟದಲ್ಲಿ ಒಂದು ಹುಲ್ಲಿನ ಎಳೆ ಸಿಕ್ಕಿಕೊಂಡಿತ್ತು, ತೆಗೆದ ಕೂಡಲೇ ಸರಿಹೋಯ್ತು. ಅಂಕಲ್ ವೈರನ್ನು ಎತ್ತಿ ಹಿಡಿದು, "ಇದು ಹೋಗಿದೆ ಕಣೋ, ಬರೀ ಗರಗರ" ಅಂದರು. ಮರುದಿನ ನಾನೇ ಗಾಡಿ ಓಡಿಸಿಕೊಂಡು ಹೋಗಿ ಹೊಸ ವೈರ್ ತಂದೆ. ಸೇವೆ ಮಾಡಿದ ಖುಷಿ ಬೇರೆ!

ಹೊರಡೋ ಹಿಂದಿನ ಸಂಜೆ ತಂಡಕ್ಕೆಲ್ಲ ಅಂಕಲ್ ಮನೆಯಲ್ಲಿ ಊಟ. ಗ್ಯಾರೇಜಿನಲ್ಲೇ ಕುರ್ಚಿ ಹಾಕಿದ್ದರು. ಆಂಟಿ ಬಿಸಿಬೇಳೆಬಾತ್ ಬಡಿಸ್ತಿದ್ದರು. ಡೈವರ್‌ಗಳು ನನ್ನನ್ನು ಮಧ್ಯಕ್ಕೆ ದಬ್ಬಿದರು. "ಏನಾದ್ರೂ ಮಾಡು ಗುರು." ಮೊದಲು ಆಂಟಿ ಗಂಟಲು ಮಾಡಿದೆ. ಆಂಟಿ ಸೌಟು ತೋರಿಸಿದರು, ಜನ ಚಪ್ಪಾಳೆ. ಪೆನ್ಶನ್ ಮೇಷ್ಟ್ರು ಮಾಡಿದೆ. ಆಮೇಲೆ ಹೊಚ್ಚ ಹೊಸದು, ಕ್ವಾರಿಯ ಅಂಕಲ್!

ಒಂದು ಬಕೆಟ್ ಬೋರಲು ಹಾಕಿ ಫೋನ್ ಡಬ್ಬಿ ಮಾಡಿಕೊಂಡೆ. ಮುಂದೆ ಕೂತು, ಬಲಗೆನ್ನೆ ಡಬ್ಬಿಗೆ ತಾಗೋ ಹಾಗೆ ಬಗ್ಗಿ, ಬಲಗೈ ಪೂರ್ತಿ ಬಿಡಿಸಿ ಅದರ ಮೇಲಿಟ್ಟೆ. ಮಗು ಹೊಟ್ಟೆ ಮೇಲೆ ಅಂಗೈ ಇಡ್ತಾರಲ್ಲ, ಹಾಗೆ. ಕಣ್ಣು ಮುಚ್ಚಿ, ಅಂಗೈಗೆ ಏನೋ ತಾಗಿದ ಹಾಗೆ ತಲೆಯಾಡಿಸಿ, "ಗುಡ್... ಗುಡ್..." ಅಂದೆ. ಅಂಕಲ್ ಎಲ್ಲರಿಗಿಂತ ಜೋರಾಗಿ ನಕ್ಕರು.

ಮಲ್ಪೆಯಣ್ಣ ನಗಲಿಲ್ಲ. ತಟ್ಟೆ ಕೆಳಗಿಟ್ಟರು.

"ಇನ್ನೊಮ್ಮೆ ಮಾಡು ಮಾರಾಯ."

ಕಲಾವಿದನಿಗೆ ಒನ್ಸ್ ಮೋರ್ ಅಂದರೆ ಕೇಳಬೇಕಾ? ಈ ಸಲ ಇನ್ನೂ ನಿಖರವಾಗಿ ಮಾಡಿದೆ. ಅಂಗೈ, ಮುಚ್ಚಿದ ಕಣ್ಣು, ತಡವಾಗಿ ಬರೋ ಆ ನಗುಮುಖ, ಎಲ್ಲ. ಮಲ್ಪೆಯಣ್ಣ ಎದ್ದು ಸದ್ದಿಲ್ಲದೆ ಅಂಕಲ್ ಕುರ್ಚಿ ಹಿಂದಕ್ಕೆ ಹೋದರು. ಇಲ್ಲೇ ಒಂದು ಮೊಳ ದೂರದಲ್ಲಿ ನಿಂತು, ನಾವೆಲ್ಲ ಮಾತಾಡೋ ಧ್ವನಿಯಲ್ಲೇ ಹೇಳಿದರು:

"ಸರ್, ನೀರು ಒಳಗೆ ಬರ್ತಾ ಉಂಟು."

ಅಂಕಲ್ ನನ್ನನ್ನೇ ನೋಡ್ತಾ ನಗ್ತಿದ್ದರು. ಮುಂದಿನ ಐಟಂಗೆ ಕಾಯ್ತಿದ್ದರು.

"ಸರ್. ನೀರು ಒಳಗೆ ಬರ್ತಾ ಉಂಟು."

ಆಂಟಿ ಕೈಯ ಸೌಟು ಪಾತ್ರೆಯ ಮೇಲೆ ಹಾಗೇ ನಿಂತಿತು. ನನ್ನ ಕೈ ಬಕೆಟ್ ಮೇಲೇ ಇತ್ತು, ತೆಗೆಯೋಕೆ ಆಗಲಿಲ್ಲ. ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದ ಮೇಲೆ ಅಂಕಲ್ ನಿಧಾನಕ್ಕೆ ಹಿಂದೆ ತಿರುಗಿದರು. ಮಲ್ಪೆಯಣ್ಣನ ಕಣ್ಣು ತುಂಬಿತ್ತು. ಅವರಿಗೆ ಬಂದಿದ್ದು ಸಿಟ್ಟೋ ದುಃಖವೋ ಇವತ್ತಿಗೂ ಗೊತ್ತಿಲ್ಲ. ಅಷ್ಟು ಜನರ ಉಸಿರು, ಡಬ್ಬಿಯ ಅದುರನ್ನಷ್ಟೇ ಹಿಡಿಯೋ ಆ ಅಂಗೈ ಮೇಲೆ ನಿಂತಿತ್ತಲ್ಲ.

ಗುಡ್ಡಕ್ಕೆ ಅಂಕಲ್ ಹೋಗಲಿಲ್ಲ. ಡಬ್ಬಿ ಮುಂದೆ ಮಲ್ಪೆಯಣ್ಣ ಕೂತರು. ಪೆನ್ಶನ್ ಮೇಷ್ಟ್ರುಗಳು ಒಂದೂ ಕೈಕೊಡದೆ ಅಷ್ಟೂ ಜನರನ್ನು ಗಡ್ಡದ ಸಮೇತ ವಾಪಸ್ ತಂದರು. ಆದರೆ ಅಂಕಲ್ ಮತ್ತೆ ಯಾವ ನೀರಿನ ದಡಕ್ಕೂ ಹೋಗಲಿಲ್ಲ. ಬಾಲ್ಕನಿಯಲ್ಲಿ ಕೂತು ಬೀದಿಯವರ ತುಟಿ ಓದ್ತಿದ್ದರು. ನನ್ನನ್ನು ದಿನಾ ಕರೆದು ಉಸಿರು ಮಾಡಿಸಿದ್ದು ಅಭಿಮಾನಕ್ಕಲ್ಲ ಅಂತ ಹೊಳೆಯೋಕೆ ನನಗೆ ಎಷ್ಟೋ ದಿನ ಬೇಕಾಯ್ತು. ಅವರ ಕಿವಿಗೆ ಸಿಗದೆ ಹೋಗ್ತಿದ್ದ ಸಣ್ಣ ಸದ್ದುಗಳನ್ನು ನಾನು ದೊಡ್ಡದು ಮಾಡಿ ಕೊಡ್ತಿದ್ದೆ, ಅಷ್ಟೇ. ಊರೆಲ್ಲರ ಧ್ವನಿ ಹಿಡಿಯೋ ಕಿವಿ ನಂದು ಅಂತ ಮೆರೀತಿದ್ದೆ. ಎದುರಿಗೆ ಕೂತವರಿಗೆ ಕೇಳಿಸ್ತಿಲ್ಲ ಅನ್ನೋದು ನನಗೆ ಕೇಳಿಸಲಿಲ್ಲ.

ಅವರು ತೀರಿಕೊಂಡು ವರ್ಷ ದಾಟಿತು. ಆ ಗ್ಯಾರೇಜಿನಲ್ಲೀಗ ಕೇಕ್ ಅಂಗಡಿ. ನಿನ್ನೆ ಮೊನ್ನೆಯವರೆಗೂ ಅದರ ಮುಂದೆ ಓಡಾಡಿದ್ದೀನಿ, ಏನೂ ಅನ್ನಿಸಿರಲಿಲ್ಲ. ಇವತ್ತು ಈ ಗೋಬಿ ಪ್ಲೇಟ್ ಕೈಯಲ್ಲಿ ಆರಿಹೋಗ್ತಿದೆ, ಒಂದು ತುಂಡೂ ಇಳೀತಿಲ್ಲ.

ಆ ಊಟದ ಸಂಜೆ, ಅಂಕಲ್ ಹಿಂದೆ ತಿರುಗಿ ನೋಡಿದ ಮೇಲೆ, ಮೊದಲು ಬಾಯಿ ಬಿಟ್ಟಿದ್ದೂ ನಾನೇ. "ಅಂಕಲ್, ಸುಮ್ನೆ ತಮಾಷೆಗೆ... ನಾನು ಸ್ವಲ್ಪ ಜಾಸ್ತಿ ಮಾಡ್ಬಿಟ್ಟೆ" ಅಂದೆ.

ಅಂಕಲ್ ನನ್ನ ತುಟಿ ನೋಡಿದರು. ಆಮೇಲೆ ಮಲ್ಪೆಯಣ್ಣನ ಕಡೆ ತಿರುಗಿ, ಅವರಿಗೆ ಕೇಳಿಸೋ ಹಾಗೆ ನನಗೆ ಉತ್ತರ ಕೊಟ್ಟರು:

"ಜಾಸ್ತಿ ಎಲ್ಲಿ ಬಂತೋ? ನೀನು ಕಮ್ಮೀನೇ ಮಾಡ್ದೆ. ನನ್ನ ಎಡಗಿವಿ ಪೂರ್ತಿ ಸತ್ತುಹೋಗಿದೆ, ಅದನ್ನ ಬಿಟ್ಟೇಬಿಟ್ಟೆ."