ಏರಿ ಮೇಲಿನ ಸದ್ದು

ಹೋದ ವಾರ ರಾಮನಗರದ ಬಸ್ ಸ್ಟ್ಯಾಂಡಿನ ಎದುರು ತಳ್ಳುಗಾಡಿಯ ಹತ್ತಿರ ನಿಂತು ಅವರೆಕಾಯಿ ಆರಿಸುತ್ತಿದ್ದೆ. ಬೆನ್ನ ಹಿಂದೆ ಒಂದು ಬೈಕು ಬಂದು ನಿಂತಿತು. ಎಂಜಿನ್ನಿನ ಮಾಮೂಲಿ ಸದ್ದಿನ ಅಡಿಯಲ್ಲಿ ಇನ್ನೊಂದು ಸದ್ದಿತ್ತು. ಟೊಕ್ ಟೊಕ್ ಟೊಕ್ ಎಂದು, ಒಳಕಲ್ಲಿನಲ್ಲಿ ಯಾರೋ ಬಿಡದೆ ಕುಟ್ಟುತ್ತಿರುವ ಹಾಗೆ. ಆರಿಸಿದ ಕಾಯಿ ಕೈಯಲ್ಲೇ ಉಳಿಯಿತು. ತಿರುಗಿ, "ಏರು ಹತ್ತುವಾಗ ಈ ಸದ್ದು ಜೋರಾಗುತ್ತೇನಪ್ಪಾ?" ಎಂದು ಕೇಳಿಯೇಬಿಟ್ಟೆ. ಮೂವತ್ತು ದಾಟಿದ ಗಂಡಸು. ತಲೆ ನರೆತ, ಕೈಚೀಲ ಹಿಡಿದ ಮೇಡಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹೂಂ ಮೇಡಂ, ಯಾಕೆ?" ಎಂದ. "ಇವತ್ತೇ ಹೋಗಿ ತೋರಿಸು. ನಾಳೆ ಅನ್ನಬೇಡ" ಎಂದೆ. ಅವನಿಗೆ ನಗು ಬಂತು. ನಗಲಿ ಬಿಡಿ. ಜನ್ಮದಲ್ಲಿ ಒಂದು ಸೈಕಲ್ ಕೂಡ ತುಳಿಯದ ನನಗೆ ಎಂಜಿನ್ನಿನ ಈ ಒಂದು ಕಾಯಿಲೆ ಮಾತ್ರ ಚೆನ್ನಾಗಿ ಗೊತ್ತು. ಅದನ್ನು ನಾನು ಕಲಿತದ್ದು ಕಣ್ಣು ಕಾಣದ ನಮ್ಮಜ್ಜಿಯಿಂದ.

ಮಾಗಡಿಯಿಂದ ಕಲ್ಯದ ಕಡೆಗೆ ಹೋಗುವಾಗ ಸಿಗುವ ಸಣ್ಣ ಊರು ನಮ್ಮದು. ಊರಿಗೆ ಬರಬೇಕಾದರೆ ಕೆರೆ ಏರಿ ಹತ್ತಿ ಇಳಿಯಬೇಕು. ಇಳಿದರೆ ಮೊದಲನೆಯದೇ ನಮ್ಮ ಮನೆ. ಅರ್ಧ ಮನೆ ನಮಗೆ, ಅರ್ಧ ಮನೆ ರೇಷ್ಮೆ ಹುಳುಗಳಿಗೆ. ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ, ಸುಣ್ಣದ ಪುಡಿಯ ಘಾಟು, ಗೂಡಿನ ಮೂಟೆಗಳ ಒಂದು ಥರದ ಕಮಟು, ಇವೆಲ್ಲ ನಮ್ಮ ಬಟ್ಟೆಗೆ, ಸ್ಕೂಲ್ ಪುಸ್ತಕಕ್ಕೆ, ಕೊನೆಗೆ ಅನ್ನಕ್ಕೂ ಹತ್ತಿರುತ್ತಿದ್ದವು. ನಮ್ಮ ಚಿಕ್ಕಪ್ಪ ನಂಜುಂಡ ಬೆಳಗಾಗುತ್ತಲೇ ಊರವರ ಗೂಡನ್ನೆಲ್ಲ ಬೈಕಿಗೆ ಕಟ್ಟಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೋದರೆ, ಮಧ್ಯಾಹ್ನ ಊಟದ ಹೊತ್ತಿಗೆ ವಾಪಸು. ಅವನಿಗೂ ಮೊದಲು ಆ ಕೆಲಸ ನಮ್ಮಜ್ಜನದಾಗಿತ್ತು. ಅಜ್ಜ ಒಂದು ದಿನ ಗೂಡು ಹಾಕಲು ಹೋದವರು ಮಾರ್ಕೆಟ್ಟಿನಲ್ಲೇ ಕುಸಿದುಬಿದ್ದು, ಬಾಡಿಗೆ ಟೆಂಪೋದಲ್ಲಿ ಹೆಣವಾಗಿ ಮನೆಗೆ ಬಂದಿದ್ದರು. ಅಜ್ಜಿ ಆಗ ಮುದ್ದೆ ತೊಳಸಿಟ್ಟು ಕಾಯುತ್ತಿದ್ದಳಂತೆ. ಅವತ್ತಿನಿಂದ, ಚಿಕ್ಕಪ್ಪ ಬಂದು ಕಾಲು ತೊಳೆಯುವ ತನಕ ಅವಳು ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ.

ಪೊರೆ ಬಂದು ಅಜ್ಜಿಯ ಎರಡು ಕಣ್ಣೂ ಹೋದವು. ಆಪರೇಷನ್ ಎಂದರೆ, "ಸಾಯೋ ಮುದ್ಕಿ ಕಣ್ಣು ಕುಯ್ಯುಸ್ಕೊಂಡು ಯಾವ ದಿಬ್ಬಣಕ್ಕೆ ಹೋಗ್ಬೇಕು?" ಎಂದು ನಮ್ಮ ಬಾಯಿ ಮುಚ್ಚಿಸುತ್ತಿದ್ದಳು. ಅದೇ ಕಾಲಕ್ಕೆ ಚಿಕ್ಕಪ್ಪನ ಹಳೇ ಬೈಕಿನಲ್ಲಿ ಈ ಟೊಕ್ ಟೊಕ್ ಶುರುವಾಯಿತು. ಊರಲ್ಲಿ ಇನ್ನೆರಡು ಬೈಕುಗಳಿದ್ದರೂ ಆ ಸದ್ದು ನಮ್ಮದಕ್ಕೆ ಮಾತ್ರ. ಅದು ಏರಿಯ ಆಚೆ ಕೇಳಿಸಿದರೆ ಸಾಕು, ಜಗಲಿ ಮೇಲಿದ್ದ ಅಜ್ಜಿ ನಮ್ಮಮ್ಮನಿಗೆ, "ಜಯಾ, ಎಸರಿಗಿಡವ್ವ, ನಂಜ ಬಂದ" ಎನ್ನುತ್ತಿದ್ದಳು. ಚಿಕ್ಕಪ್ಪ ಮೂಟೆ ಬಿಚ್ಚಿ, ಕಾಲು ತೊಳೆದು, ಗೂಡಿನ ರೇಟಿನ ಬಗ್ಗೆ ಅಪ್ಪನ ಹತ್ತಿರ ಗೊಣಗಿ ಮುಗಿಸುವಷ್ಟರಲ್ಲಿ ತಟ್ಟೆಯಲ್ಲಿ ಹೊಗೆಯಾಡುವ ಮುದ್ದೆ. ಊರಲ್ಲಿ ಒಬ್ಬ ಸೈಲೆನ್ಸರ್ ತೂತಾಗಿದೆ ಎಂದ, ಇನ್ನೊಬ್ಬ ಚೈನು ಸಡಿಲ ಎಂದ. ಚಿಕ್ಕಪ್ಪ ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. "ಸುಮ್ಕಿರ್ರಲೇ, ನಮ್ಮವ್ವಂಗೆ ಆ ಸದ್ದೇ ಕಣ್ಣು" ಎನ್ನುತ್ತಿದ್ದ. ಎಂಜಿನ್ನಿನ ಕಾಯಿಲೆಯನ್ನು ಮನೆಯ ಭಾಗ್ಯ ಎಂದುಕೊಂಡು ಒಂದೂವರೆ ವರ್ಷ ಸಾಕಿದವರು ನಾವು.

ಮಾಗಡಿಯಲ್ಲಿ ಗ್ಯಾರೇಜು ಇಟ್ಟಿದ್ದ ಬಾಷಾ ಸಾಬರು ಒಂದು ಮಧ್ಯಾಹ್ನ ಮಗಳ ಮದುವೆ ಕಾಗದ ಕೊಡಲು ನಮ್ಮ ಮನೆಗೆ ಬಂದರು. ಅವರು ಮಜ್ಜಿಗೆ ಕುಡಿಯುತ್ತಿರುವಾಗಲೇ ಚಿಕ್ಕಪ್ಪ ಏರಿ ಇಳಿದು ಬಂದ. ಸಾಬರು ಲೋಟ ಕೆಳಗಿಟ್ಟರು. "ನಂಜುಂಡಣ್ಣ, ಆಫ್ ಮಾಡ್ಬೇಡ" ಎಂದು ಎದ್ದುಹೋಗಿ, ಗಾಡಿಯ ಡಬ್ಬಿಯಿಂದ ಉದ್ದನೆಯ ಸ್ಕ್ರೂಡ್ರೈವರ್ ತೆಗೆದು, ಅದರ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ತಮ್ಮ ಕಿವಿಗೂ ಒತ್ತಿಕೊಂಡರು. ಮೊದಲು ಎಂಜಿನ್ನಿನ ತಲೆಯ ಹತ್ತಿರ ಇಟ್ಟು, ಇಲ್ಲಿಲ್ಲ ಎನ್ನುವಂತೆ ತಲೆಯಾಡಿಸಿದರು. ಪಕ್ಕಕ್ಕೆ ಇಟ್ಟರು, ಅಲ್ಲೂ ಇಲ್ಲ. ಕೆಳಗೆ, ಹೊಟ್ಟೆಯ ಭಾಗಕ್ಕೆ ಇಟ್ಟವರು ಕಣ್ಣು ಮುಚ್ಚಿ ಎಷ್ಟೋ ಹೊತ್ತು ಹಾಗೇ ಕುಕ್ಕರುಗಾಲಿನಲ್ಲಿ ಕೂತಿದ್ದರು. "ತಣ್ಣಗಿದ್ದಾಗ ಜಾಸ್ತೀನೋ, ಬಿಸಿಯಾದಾಗ್ಲೋ?" ಎಂದು ಕೇಳಿದರು. "ಯಾರ್ ನೋಡವ್ರೆ ಬುಡಿ ಸಾಬ್ರೇ" ಎಂದ ಚಿಕ್ಕಪ್ಪ.

ಉತ್ತರ ಜಗಲಿಯಿಂದ ಬಂತು. "ನಾನೇಳ್ತೀನಿ ಕೇಳಪ್ಪ" ಎಂದಳು ಅಜ್ಜಿ. "ಬೆಳಿಗ್ಗೆ ಹೊಂಡುವಾಗ ಒಸಿ ಕಮ್ಮಿ. ಬಿಸಿಯಾಗಿ ವಾಪಸ್ ಬಂದಾಗ ಜಾಸ್ತಿ. ಏರಿ ಹತ್ತುವಾಗ ಗುದ್ದಿದಂಗೆ ಬತ್ತದೆ, ಇಳಿಯುವಾಗ ಮೆತ್ಗಾಯ್ತದೆ. ಹೋದ್ ಯುಗಾದೀಲಿ ಸಣ್ಣುಕ್ಕಿತ್ತು, ದೀಪಾವಳಿ ಕಳುದ್ಮೇಲೆ ದಪ್ಪ ಆಯ್ತು." ಸಾಬರು ಅವಳನ್ನೇ ನೋಡಿದರು. ಎಂಜಿನ್ ಆಫ್ ಮಾಡಿಸಿ, ಕೈ ಒರೆಸಿಕೊಂಡು, ಜಗಲಿಯ ಹತ್ತಿರ ಬಂದು ನಿಂತು, ಆ ವಿಷಯವನ್ನು ಚಿಕ್ಕಪ್ಪನಿಗಲ್ಲ, ಅವಳಿಗೇ ಹೇಳಿದರು. "ಒಳಗೆ ಕನೆಕ್ಟಿಂಗ್ ರಾಡಿನ ಬೇರಿಂಗ್ ತಿಂದೋಗೈತೆ ಅವ್ವಾ. ಓಡ್ತಾ ಓಡ್ತಾನೇ ಒಂದಿನ ಎಂಜಿನ್ ಹಿಡ್ಕೊಂತದೆ. ಚಕ್ರ ನಿಂತೋಯ್ತದೆ. ಮೂಟೆ ಸಮೇತ ಎತ್ತಿ ಬಿಸಾಕ್ತದೆ."

ಚಿಕ್ಕಪ್ಪ ಇನ್ನೊಂದು ಬೆಳೆ ಗೂಡು ಸಾಗಿಸಿದ ಮೇಲೆ ನೋಡೋಣ ಎಂದು ರಾಗ ಎಳೆದ. ಆಮೇಲೆ ಮೆಲ್ಲಗೆ, ಸದ್ದನ್ನು ಉಳಿಸಿ ರಿಪೇರಿ ಮಾಡಲು ಆಗುವುದಿಲ್ಲವೇ ಎಂದು ಕೇಳಿದ. "ಸದ್ದೇ ಕಾಯ್ಲೆ ಕಣಣ್ಣ. ಕಾಯ್ಲೆ ವಾಸಿಯಾದ್ಮೇಲೆ ಕೆಮ್ಮು ಎಲ್ಲಿಂದ ತರ್ಲಿ?" ಎಂದರು ಸಾಬರು. ಅಜ್ಜಿ ವೀಳ್ಯದೆಲೆಯ ತೊಟ್ಟು ಮುರಿಯುತ್ತ ಕೂತಿದ್ದಳು. ಒಂದು ಎಲೆಯ ತೊಟ್ಟು ಮುರಿಯಲು ಯಾರಿಗೂ ಅಷ್ಟು ಹೊತ್ತು ಬೇಡ. "ಪೂರಾ ಹೋಯ್ತದಾ ಸದ್ದು?" ಎಂದಳು. "ಪೂರಾ ಹೋಯ್ತದೆ ಅವ್ವಾ." "ಹೋಗ್ಲಿ ಬುಡು. ಈಗ್ಲೇ ತಕ್ಕೊಂಡೋಗು" ಎಂದು ಎಲೆಯನ್ನು ಬಾಯಿಗೆ ಹಾಕಿಕೊಳ್ಳದೆ ಮಡಿಲಲ್ಲೇ ಇಟ್ಟುಕೊಂಡಳು.

ಎಂಟು ದಿನ ಚಿಕ್ಕಪ್ಪ ಬಸ್ಸಿನಲ್ಲಿ ಓಡಾಡಿದ. ಮಧ್ಯಾಹ್ನದ ಬಸ್ಸು ಏರಿಯ ಮೇಲೆ ನಿಂತ ಸದ್ದಿಗೇ ಅಜ್ಜಿ ಎಸರಿಗಿಡಿಸುತ್ತಿದ್ದಳು. ಒಂಬತ್ತನೆಯ ದಿನ ಬೈಕು ಬಂತು. ನಾನು, ನನ್ನ ತಂಗಿ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದೆವು. ಬೈಕು ಏರಿ ಹತ್ತಿದ್ದೂ ಗೊತ್ತಾಗಲಿಲ್ಲ, ಇಳಿದದ್ದೂ ಗೊತ್ತಾಗಲಿಲ್ಲ, ಪಕ್ಕದ ಹಿಟ್ಟಿನ ಮಿಲ್ಲಿನ ಗದ್ದಲದಲ್ಲಿ ಅಷ್ಟು ನಯವಾಗಿ ಬಂದುಬಿಟ್ಟಿತು. ಚಿಕ್ಕಪ್ಪ ಎಂಜಿನ್ ನಿಲ್ಲಿಸಿ, ಮಾತಾಡಬೇಡಿ ಎಂದು ನಮಗೆ ಬೆರಳು ತೋರಿಸಿ, ತಾಯಿಗೆ ತಮಾಷೆ ಮಾಡಲು ಬೆಕ್ಕಿನ ಹೆಜ್ಜೆ ಇಟ್ಟು ಹೋಗಿ ಅವಳ ಮುಂದೆ ನಿಂತ. ನಾವು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು. ಅಜ್ಜಿ ಕತ್ತನ್ನು ಏರಿಯ ಕಡೆಗೆ ಚಾಚಿ ಕೂತಿದ್ದಳು. ಒಂದು ಕೈ ಕಂಬವನ್ನು ಬಿಗಿಯಾಗಿ ಹಿಡಿದಿತ್ತು, ತುಟಿ ಒಣಗಿತ್ತು, ಹುಬ್ಬು ಗಂಟಿಕ್ಕಿ ಮುಖವೆಲ್ಲ ಬಿಗಿದುಕೊಂಡಿತ್ತು. ನಮಗೆ ಅದರಲ್ಲಿ ಹೊಸದೇನೂ ಇರಲಿಲ್ಲ. ದಿನಾ ಮಧ್ಯಾಹ್ನ ಹಾಗೇ ಇರುತ್ತಿದ್ದಳು, ಅಜ್ಜಿಯ ಮುಖವೇ ಹಾಗೆ ಎಂದುಕೊಂಡಿದ್ದೆವು. ಆದರೆ ಚಿಕ್ಕಪ್ಪ ಆ ಮುಖವನ್ನು ಒಂದು ದಿನವೂ ಕಂಡಿರಲಿಲ್ಲ. ಅವನು ಕಾಣುವಷ್ಟರಲ್ಲಿ ಅವನ ಗಾಡಿಯ ಸದ್ದು ಬಂದು ಅದನ್ನು ಸಡಿಲಿಸಿಬಿಡುತ್ತಿತ್ತು. ಅವನ ನಗು ನಿಂತುಹೋಯಿತು. ಕೆಳಗೆ ಕುಸಿದು ಕೂತು, ಅವಳ ಕಾಲು ಹಿಡಿದುಕೊಂಡು, "ಬಂದೆ ಕಣವ್ವಾ, ಬಂದೆ" ಎಂದ. ಅಜ್ಜಿ ಬೆಚ್ಚಿಬಿದ್ದು, ಅವನ ತಲೆ, ಕೆನ್ನೆ, ಭುಜ ಎಲ್ಲವನ್ನೂ ತಡವಿ ನೋಡಿ, "ಯಾವಾಗ್ ಬಂದ್ಲಾ ಮುಂಡೇದೇ? ಎಸರಿಗೇ ಇಟ್ಟಿಲ್ವಲ್ಲೋ" ಎಂದು ಬೈದಳು. ಬೈಯುತ್ತಲೇ ಅತ್ತಳು, ಅವನೂ ಅತ್ತ.

ಮಾರನೆಯ ದಿನದಿಂದ ಚಿಕ್ಕಪ್ಪ ಏರಿಯ ಮೇಲೆ ಗಾಡಿ ನಿಲ್ಲಿಸಿ, ಎರಡು ಕೈಯನ್ನೂ ಬಾಯಿಗೆ ಹಿಡಿದು, "ಅವ್ವೋ!" ಎಂದು ಕೂಗತೊಡಗಿದ. ಹಾರನ್ ಹೊಡೆಯಲೇ ಎಂದು ಕೇಳಿದ್ದಕ್ಕೆ, "ಹಾರನ್ನ ಊರೋರೆಲ್ಲ ಹೊಡೀತಾರೆ" ಎಂದಿದ್ದಳು ಅವಳು. ಕೆರೆಯಲ್ಲಿ ಬಟ್ಟೆ ಒಗೆಯುವವರು ನಕ್ಕರು, ಎಮ್ಮೆ ಮೇಯಿಸುವವರು ಅಣಕಿಸಿದರು. ಐದು ಮಕ್ಕಳಿಗೆ ಮದುವೆ ಮಾಡುವ ವಯಸ್ಸಿನವನಂತೆ ಮೀಸೆ ಬಿಟ್ಟಿದ್ದ ಗಂಡಸು ಯಾರಿಗೂ ನಾಚದೆ ಎರಡು ವರ್ಷ ಹಾಗೆ ಕೂಗಿದ. ಈಗ ಆ ಮನೆಯಿಲ್ಲ, ಹುಳು ಸಾಕುವುದನ್ನೂ ನಮ್ಮವರು ಬಿಟ್ಟರು, ಬಾಷಾ ಸಾಬರೂ ಹೋದರು. ಎಷ್ಟೋ ಮುಖಗಳು ಮಸುಕಾಗಿವೆ. ಆ ಕೂಗು ಮಾತ್ರ ನನ್ನ ಕಿವಿಯಿಂದ ಹೋಗಿಲ್ಲ.

ಅಜ್ಜಿ ಒಂದು ಬೆಳಿಗ್ಗೆ ನಿದ್ದೆಯಲ್ಲೇ ಹೋದಳು. ತಿಥಿ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲೆ ಚಿಕ್ಕಪ್ಪ ಮೊದಲ ಸಲ ಮಾರ್ಕೆಟ್ಟಿಗೆ ಹೋಗಿದ್ದ. ಮಧ್ಯಾಹ್ನ ನಾವೆಲ್ಲ ನಡುಮನೆಯಲ್ಲಿ ಕೂತಿದ್ದಾಗ ಏರಿಯ ಮೇಲಿಂದ, ದಿನಾ ಕೇಳುತ್ತಿದ್ದಷ್ಟೇ ಜೋರಾಗಿ, "ಅವ್ವೋ!" ಎಂದು ಕೇಳಿಸಿತು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಏರಿಯಿಂದ ನಮ್ಮ ಮನೆಗೆ ಎರಡು ನಿಮಿಷದ ದಾರಿ. ಅವತ್ತು ಚಿಕ್ಕಪ್ಪ ಬರುವಾಗ ಹೊತ್ತು ಇಳಿದಿತ್ತು.