ಬೆಕ್ಕಿರುವ ಮನೆಗೊಂದು ಗಿಳಿ

ತಿಪಟೂರಿನಲ್ಲಿ ಡಿಗ್ರಿ ಓದುವಾಗ ನಾನಿದ್ದದ್ದು ಅಪ್ಪನ ಅಕ್ಕನ ಮನೆಯಲ್ಲಿ. ಹಾಸ್ಟೆಲ್ ಸೀಟು ಸಿಗಲಿಲ್ಲವೆಂದು ಅಪ್ಪ ಅಲ್ಲಿ ತಂದು ಬಿಟ್ಟರು. "ಗಿಣಿ ಸಾಕಿ ಗಿಡುಗನ ಕೈಗೆ ಕೊಟ್ಟಂಗಾಯ್ತು" ಎಂದು ಅಮ್ಮ ಗೊಣಗಿದ್ದು ಎಷ್ಟು ನಿಜವೆಂದು ಮೊದಲ ತಿಂಗಳಲ್ಲೇ ಗೊತ್ತಾಯಿತು.

ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಳು. ಕಾರಣ ಕೊಬ್ಬರಿ. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿ ಇಳಿಸಿ, ಒಡೆದು, ಉಂಡೆ ಕೊಬ್ಬರಿಯನ್ನು ಅಂಗಳದಲ್ಲಿ ರಾಶಿ ಹಾಕಿದ್ದರು. ಮಂಡಿಯವನು ನೋಡಲು ಬಂದಿದ್ದ. ನಾನು ಒಂದು ಉಂಡೆ ಎತ್ತಿ ಮೂಸಿ, "ಅತ್ತೆ, ಇದು ಕೌಟು ವಾಸನೆ ಬತ್ತೈತೆ" ಎಂದೆ. ಅವನು ಆಮೇಲೆ ಎಣ್ಣೆ ಕೆಟ್ಟ ವಾಸನೆ ಹುಡುಕುತ್ತಾ ಒಂದೊಂದನ್ನೇ ಮೂಸಲು ಕೂತ. ಕೊಳ್ಳುವವರ ಎದುರು ಮನೆಯವರು ಕೊಬ್ಬರಿ ಮೂಸಬಾರದೆಂಬುದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು, ಬಾಯಿ ತಡೆಯಲಿಲ್ಲ. ಕೌಟಾದದ್ದನ್ನು ಕೌಟು ಎಂದೆ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ.

ಅಂದಿನಿಂದ ಅತ್ತೆ ನನಗೆ ಹೇಳುವುದನ್ನೆಲ್ಲ ಬೆಕ್ಕಿಗೆ ಹೇಳತೊಡಗಿದಳು. ಅಟ್ಟದ ಇಲಿಗಳಿಗೆಂದು ಸಾಕಿದ್ದ ಬೂದು ಬಣ್ಣದ ಸೋಮಾರಿ ಬೆಕ್ಕು ಅದು.

"ಬೆಕ್ಕೇ, ಮಹಾರಾಣಿ ಎದ್ದವ್ಳೆ. ಕಾಪಿ ಆರೋಯ್ತು ಅಂತ ಹೇಳೇ."

"ಬೆಕ್ಕೇ, ಕಾಲೇಜಿಗೆ ಹೋಗೋರು ತಟ್ಟೆ ತೊಳೀಬಾರ್ದು ಅಂತ ಪುಸ್ತಕದಾಗೆ ಬರ್ದೈತಾ ಕೇಳೇ."

ನನ್ನ ಹೆಸರು ಹೋಗಿ 'ಕೌಟು ಬಾಯಿ' ಎಂದಾಗಿತ್ತು. ಮಾವ ಇದು ಕಿವಿಗೆ ಬೀಳದಂತೆ ಟಿ.ವಿ. ಸದ್ದು ಹೆಚ್ಚಿಸಿಕೊಳ್ಳುತ್ತಿದ್ದರು. ನಾನು ಬೆಕ್ಕಿಗೆ ಒಂದು ದಿನವೂ ಉತ್ತರ ಕೊಡಲಿಲ್ಲ. ಅಷ್ಟು ಕೆಳಗಿಳಿಯಲು ಮನಸ್ಸು ಒಪ್ಪಲಿಲ್ಲ. ಹಲ್ಲು ಕಚ್ಚಿಕೊಂಡು ತಟ್ಟೆ ತೊಳೆದೆ.

ಎರಡನೇ ವರ್ಷ ನಮ್ಮೂರು ಬಿಳಿಗೆರೆಯಿಂದ ಅಪ್ಪನ ಫೋನು ಬಂತು. ನಮ್ಮ ತೋಟದಲ್ಲಿ ಸುಳಿ ಒಣಗಿ ಬೋಳಾಗಿದ್ದ ತೆಂಗಿನ ಮರದ ಪೊಟರೆಯಲ್ಲಿ ಗಿಳಿ ಮರಿ ಮಾಡಿತ್ತು.

"ಆ ಮರ ಉರುಳಿಸ್ಬೇಕು ಕಣವ್ವ. ನಿಂಗೊಂದು ಮರಿ ಬೇಕು ಅಂದ್ರೆ ಭಾನುವಾರ ಇಳಿಸಿಕೊಡ್ತೀನಿ. ಬ್ಯಾಡ ಅಂದ್ರೆ ಅವು ಹಾರೋಗೋವರ್ಗೂ ಮರ ಮುಟ್ಟಾಕಿಲ್ಲ."

ನನಗೆ ಬೇಕಿತ್ತು. ಆ ಮನೆಯಲ್ಲಿ ಇನ್ನೂ ಒಂದೂವರೆ ವರ್ಷ ಕಳೆಯಬೇಕಿತ್ತು. ನನ್ನ ಪಕ್ಷಕ್ಕೆ ಒಂದಾದರೂ ಜೀವ ಬೇಕಿತ್ತು. ಬೆಕ್ಕು ಅವಳ ಕಡೆ, ಮಾವ ಟಿ.ವಿ.ಯ ಕಡೆ. ಗಿಳಿಯೊಂದಿದ್ದರೆ ಬಾಗಿಲಲ್ಲಿ ನನ್ನ ಹೆಸರು ಹಿಡಿದು ಕರೆಯುತ್ತದೆ ಎಂಬ ಆಸೆಯಲ್ಲಿ ಮೊಬೈಲಿನಲ್ಲಿ ಮಾತಾಡುವ ಗಿಳಿಗಳನ್ನೇ ನೋಡುತ್ತಾ ಕೂತೆ. "ಗಿಳಿ ಸಾಕಿದ್ರೆ ಕೇಸಾಗುತ್ತೆ ಕಣೇ" ಎಂದು ಗೆಳತಿ ಹೆದರಿಸಿದಳು. ಹಿಡಿದುಕೊಂಡು ಹೋದರೆ ಈ ಮನೆಯಿಂದಾದರೂ ಬಿಡುಗಡೆ ಎಂದೆ.

ಊಟದ ಹೊತ್ತಿನಲ್ಲಿ ಮಾವನಿಗೆ ಹೇಳಿದೆ. ಸಾರು ಬಡಿಸುತ್ತಿದ್ದ ಅತ್ತೆಗೆ ಕೇಳಿಸಲೆಂದೇ ಹೇಳಿದೆ. ಸುತರಾಂ ಆಗದು ಎನ್ನುತ್ತಾಳೆಂದು ಜಗಳಕ್ಕೆ ಸಿದ್ಧಳಾಗಿದ್ದೆ. ಅವಳ ಮುಖ ಅರಳಿತು.

"ತರ್ಲಿ ಬುಡೇ ಬೆಕ್ಕೇ. ನೀನೋ ಮೂಗಿ. ಗಿಣಿಯಾದ್ರೆ ಹೇಳ್ಕೊಟ್ಟಿದ್ದು ಹೇಳ್ತೈತೆ. ಇವ್ಳು ಕಾಲೇಜಿಗೆ ಹೋದ್ರೆ ಸಂಜೆಗಂಟ ಅದು ನನ್ ಜೊತೆನೇ ತಾನೇ? 'ಕೌಟು ಬಾಯಿ ಬಂದ್ಲು, ಕೌಟು ಬಾಯಿ ಬಂದ್ಲು' ಅಂತ ಕಲಿಸ್ತೀನಿ."

ಮರುದಿನವೇ ಅಟ್ಟದಿಂದ ಹಳೆಯ ಪಂಜರ ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕಿದಳು. ಅದನ್ನು ಬಾಗಿಲ ಪಕ್ಕದಲ್ಲೇ ನೇತುಹಾಕಿದಳು. ನಾನು ಒಳಗೆ ಕಾಲಿಡುವ ಜಾಗ ಅದು. ನನಗೆ ಮೈ ಉರಿದುಹೋಯಿತು.

ಭಾನುವಾರ ಬಿಳಿಗೆರೆಗೆ ಹೋದೆ. ಬೋಳು ಮರದ ಪೊಟರೆಯಿಂದ ಒಂದು ಮರಿ ತಲೆ ಹೊರಗೆ ಹಾಕಿ ಕಿರುಚುತ್ತಿತ್ತು. ಪುಕ್ಕ ಇನ್ನೂ ಸರಿಯಾಗಿ ಬಂದಿರಲಿಲ್ಲ, ಕೋಪ ಮಾತ್ರ ಪೂರ್ತಿ ಬಂದಿತ್ತು. ತುಂಬಾ ಇಷ್ಟವಾಯಿತು. ಇಂಥದ್ದರ ಬಾಯಿಗೆ ಅತ್ತೆಯ ಮಾತು ತುರುಕಲು ನಾನೇ ಹೊತ್ತುಕೊಂಡು ಹೋಗಿ ಕೊಡಬೇಕೇ?

"ಬ್ಯಾಡಪ್ಪ, ಹಾರೋಗ್ಲಿ" ಎಂದೆ. ಬಸ್ಸಿನಲ್ಲಿ ಅತ್ತುಕೊಂಡೇ ತಿಪಟೂರಿಗೆ ಬಂದೆ. ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು.

ಅತ್ತೆ ಬಾಗಿಲಲ್ಲೇ ಇದ್ದಳು. ನನ್ನ ಬರಿಗೈ ನೋಡಿದಳು. ಪಂಜರದಲ್ಲಿ ಆಗಲೇ ಎರಡು ಹಸಿಮೆಣಸಿನಕಾಯಿ ಇಟ್ಟಿದ್ದಳು.

"ಬೆಕ್ಕೇ, ಗಿಣಿ ಎಲ್ಲಿ ಅಂತ ಕೇಳೇ."

ಮೊದಲ ಸಲ ನಾನೂ ಬೆಕ್ಕಿನ ಕಡೆ ತಿರುಗಿದೆ. "ಬೆಕ್ಕೇ, ಅವರಿಗೆ ಹೇಳು. ಈ ಮನೇಲಿ ಬಾಯಿ ಇರೋರೇ ಮಾತಾಡಲ್ಲ. ಗಿಣಿ ಬಂದು ಏನು ಮಾಡುತ್ತೆ ಅಂತ."

ಒಳಗೆ ಮಾವ ಟಿ.ವಿ. ಸದ್ದು ತಗ್ಗಿಸಿದರು. ಬೆಕ್ಕು ಎದ್ದು ಅಟ್ಟದ ಏಣಿ ಹತ್ತಿತು. ಅತ್ತೆ ಪಂಜರಕ್ಕೆ ಕೈ ಹಾಕಿ ಮೆಣಸಿನಕಾಯಿ ತೆಗೆದುಕೊಂಡಳು. ಆಮೇಲೆ ನನ್ನ ಮುಖವನ್ನೇ ನೋಡಿದಳು.

"ಕೈಕಾಲು ತೊಳ್ಕೊಂಡು ಬಂದು ಉಣ್ಣು, ಕೌಟು ಬಾಯಿ."

ಹೋಗಿ ಕೂತೆ. ಒಂದು ತುತ್ತು ತಿಂದು, ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದು ನಾನೂ ಅವಳ ಮುಖಕ್ಕೇ ಹೇಳಿದೆ.