ವಾರಿಜಕ್ಕ ಹೊಲಿದ ಗೇರ್ ಕವರ್

"ವಾರಿಜಕ್ಕ ಹೊಲಿದ ರವಿಕೆಯಲ್ಲಿ ಒಂದು ಸುಕ್ಕು ತೋರಿಸಿ, ಈ ಚಾಳು ಬಿಟ್ಟೇ ಹೋಗ್ತೇನೆ" ಎನ್ನುತ್ತಿದ್ದರು ಜೋಗೇಶ್ವರಿಯ ಆ ಚಾಳಿನ ಹೆಂಗಸರು. ಬೆನ್ನ ಹಿಂದೆ ಇನ್ನೊಂದು ಮಾತೂ ಇತ್ತು: "ತೊಟ್ಟರೆ ಚಂದ ಕಾಣ್ತದೆ, ಉಸಿರು ಮಾತ್ರ ಮನೆಗೆ ಬಂದು ಬಿಡಬೇಕು." ವಾರಿಜಾಳ ಕಿವಿಗೂ ಅದು ಬಿದ್ದಿತ್ತು. "ಉಸಿರು ಬೇಕಾದವರು ನೈಟಿ ಹಾಕ್ಲಿ" ಎಂದು ನಕ್ಕು ಮಿಷನ್ ತುಳಿದಿದ್ದಳು.

ಎರಡನೇ ಮಾಳಿಗೆಯ ಒಂದೇ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ಹೊಲಿದು, ಮಗಳು ಪ್ರಣೀತಾಳನ್ನು ಓದಿಸಿ ಮುಲುಂಡಿಗೆ ಮದುವೆ ಮಾಡಿಕೊಟ್ಟವಳು ಅವಳು. ಗಂಡ ಕೊರಗಪ್ಪ ಉಡುಪಿ ಹೋಟೆಲೊಂದರಲ್ಲಿ ಕ್ಯಾಪ್ಟನ್. ಐವತ್ತೈದು ದಾಟಿದ ಮೇಲೆ ಅವಳ ಹೃದಯದ ಕವಾಟ ಕೆಟ್ಟಿತು. ಮೆಟ್ಟಿಲು ಹತ್ತಿದರೆ ಅರ್ಧ ಗಂಟೆ ಗೋಡೆಗೊರಗಿ ಕೂರಬೇಕು. ಎರಡು ತಿಂಗಳು ಕಾದು ಪರೇಲಿನ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಬೆಡ್ ಸಿಕ್ಕಿತು. ಸೋಮವಾರ ಬೆಳಿಗ್ಗೆ ಎಂಟರೊಳಗೆ ಹಾಜರಾಗಬೇಕು, ತಪ್ಪಿದರೆ ಬೆಡ್ ಮುಂದಿನವರಿಗೆ. "ಇನ್ನು ಕಾಯುವ ಹಾಗಿಲ್ಲ" ಎಂದು ಡಾಕ್ಟರು ಕೊರಗಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಅವಳಿಗೂ ಕೇಳಿಸಿತ್ತು.

ಅವರ ಹಳೆಯ ಕಾರಿನಲ್ಲಿ ಗೇರಿನ ಬುಡದ ಕವರು ಹರಿದು, ರಸ್ತೆಯ ಧೂಳೆಲ್ಲ ಒಳಗೆ ನುಗ್ಗುತ್ತಿತ್ತು. ಎದೆ ಕೊಯ್ಸಿಕೊಂಡವಳು ಆ ಧೂಳು ಕುಡಿಯುತ್ತ ಮನೆಗೆ ಬರುವುದೇ? ಶುಕ್ರವಾರ ಕ್ಲಿನಿಕ್ಕಿನಿಂದ ಬಂದವಳು ಕಾರಿನಲ್ಲೇ ಕುಳಿತು ಟೇಪು ಹಿಡಿದು ಅಳತೆ ತೆಗೆದಳು. ಕಪ್ಪು ರೆಕ್ಸಿನ್ ಕತ್ತರಿಸಿ ಡಬಲ್ ಹೊಲಿಗೆ ಹಾಕಿದಳು. ಭಾನುವಾರ ಅವಳು ಹೇಳಿಕೊಟ್ಟ ಹಾಗೆ ಕೊರಗಪ್ಪ ಗೇರಿನ ಗುಂಡಿ ತಿರುಗಿಸಿ ಬಿಚ್ಚಿ, ಹರಿದದ್ದನ್ನು ಕಿತ್ತು, ಹೊಸದರ ಕುತ್ತಿಗೆಯನ್ನು ಗುಂಡಿಯ ಕೆಳಗಿನ ಪ್ಲಾಸ್ಟಿಕ್ ಉಂಗುರಕ್ಕೂ ಅಂಚನ್ನು ಕೆಳಗಿನ ಚೌಕಟ್ಟಿಗೂ ಅಂಟು ಹಾಕಿ ಬಿಗಿದ. ಒಂದು ಸುಕ್ಕಿಲ್ಲ.

"ಕಂಪನಿಯದ್ದೂ ಇಷ್ಟು ಚಂದ ಇರ್ಲಿಲ್ಲ ಮಾರಾಯ್ತಿ!"

ಸೋಮವಾರ ಆರು ಗಂಟೆ. ಓಣಿ ಒಂದು ಕಾರಿನಷ್ಟೇ ಅಗಲ, ಮುಂದೆ ಗೋಡೆ. ಹೊರಗೆ ಹೋಗುವುದೆಂದರೆ ರಿವರ್ಸಿನಲ್ಲೇ. ರಿವರ್ಸ್ ಬೀಳಬೇಕಾದರೆ ಆ ಉಂಗುರವನ್ನು ಬೆರಳಿಂದ ಮೇಲೆತ್ತಬೇಕು. ಕೊರಗಪ್ಪ ಎತ್ತಿದ. ಉಂಗುರ ಏಳಲಿಲ್ಲ. ಎರಡು ಬೆರಳಲ್ಲಿ ಎತ್ತಿದ. ಇಲ್ಲ.

ವಾರಿಜಾ ಮೇಲೆ ಗ್ಯಾಲರಿಯಲ್ಲಿ ನಿಂತಿದ್ದಳು. "ಎಂತ ಆಯ್ತು?"

"ರಿವರ್ಸ್ ಬೀಳುದಿಲ್ಲ!"

"ಸರಿ ಎತ್ತಿ."

"ನಾನೆಂತ ಇವತ್ತು ಡ್ರೈವಿಂಗ್ ಕಲಿಯುದಾ?"

ರಿಕ್ಷಾ ಮಾಹಿಮಿನಾಚೆ ಹೋಗುವುದಿಲ್ಲ, ಪರೇಲ್ ಅದರಾಚೆ. ಟ್ಯಾಕ್ಸಿಯವರ ಮುಷ್ಕರ. ಲೋಕಲ್ ರೈಲೆಂದರೆ ಸ್ಟೇಷನ್ನಿನ ಬ್ರಿಜ್ ಹತ್ತಬೇಕು, ಅದು ಅವಳಿಂದಾಗದು. ಕೆಳಗಿನ ಕೋಣೆಯ ಗಾರೆ ಕೆಲಸದ ಗೌಂಡಿ ಶಿವಪುತ್ರ ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಓಡಿ ಬಂದ. "ದಬ್ಬೂನು ಬರ್ರಿ ಅಣ್ಣಾರ!" ನಾಲ್ಕು ಜನ ದಬ್ಬಿದರು. ಓಣಿಯ ಬಾಯಲ್ಲಿ ಏರು, ಅದರ ಮೇಲೆ ಗಟಾರದ ಸ್ಲ್ಯಾಬು. ಕಾರು ಅಲ್ಲಿಯವರೆಗೆ ಹೋಗಿ ವಾಪಸು ಜಾರಿತು. ಆರೂಕಾಲು.

ಕೊರಗಪ್ಪ ಇಕ್ಕಳ ತಂದು ಉಂಗುರಕ್ಕೆ ಹಾಕಿ ಜಗ್ಗಿದ. ಚಟ್ ಎಂದಿತು.

"ಎಂಥದದು ಶಬ್ದ?" ವಾರಿಜಾ ಗ್ಯಾಲರಿಯಂಚಿನ ಕಟಾಂಜನ ಹಿಡಿದು ಕೆಳಗೆ ಬಗ್ಗಿದಳು. "ಬಿಡಿ ಅದನ್ನು! ಉಂಗುರ ತುಂಡಾದ್ರೆ ಕಾರೂ ಇಲ್ಲೇ, ನಾನೂ ಇಲ್ಲೇ."

"ಕವರ್ ಹರದ ಒಗೀರಿ" ಎಂದ ಶಿವಪುತ್ರ.

"ಹರಿಯುದಾ? ಇವಳ ಹೊಲಿಗೆ ಆನೆ ಎಳೆದ್ರೂ ಬಿಡುದಿಲ್ಲ!"

ಆ ಮಾತು ಕೇಳಿದ್ದೇ ವಾರಿಜಾಳಿಗೆ ಎಲ್ಲ ಹೊಳೆಯಿತು. ಎಷ್ಟು ಸಾವಿರ ಹೆಂಗಸರಿಗೆ "ಕೈ ಮೇಲೆತ್ತಿ" ಎಂದು ಅಳತೆ ತೆಗೆದವಳು, ಗೇರನ್ನು ಮಾತ್ರ ನ್ಯೂಟ್ರಲ್ಲಿನಲ್ಲಿ ನೆಟ್ಟಗೆ ನಿಲ್ಲಿಸಿಯೇ ಅಳೆದಿದ್ದಳು. ಹಳೆಯ ಕವರಿನ ಸುಕ್ಕುಗಳಲ್ಲೇ ಉಂಗುರ ಏಳುತ್ತಿತ್ತು, ಗೇರು ಓಡಾಡುತ್ತಿತ್ತು. ಅಷ್ಟನ್ನೂ ತಾನೇ ಕತ್ತರಿಸಿ ಎಸೆದಿದ್ದಳು.

"ನಾನೇ ಬರ್ತೇನೆ."

"ಇಳಿಬೇಡ! ಕಾರು ಹೊರಡದಿದ್ರೆ ವಾಪಸು ಹತ್ತುದು ಹೇಗೆ?"

ಅವಳು ಹೊಲಿಗೆ ಬಿಚ್ಚುವ ಬ್ಲೇಡನ್ನು ಬಟ್ಟೆಯಲ್ಲಿ ಸುತ್ತಿ ಕೆಳಗೆ ಹಾಕಿದಳು. "ಹಿಂದಿನ ಹೊಲಿಗೆ ಮಾತ್ರ. ಬುಡದಿಂದ ಮೇಲೆ. ದಾರ ಕತ್ತರಿಸಿ, ರೆಕ್ಸಿನ್ ಅಲ್ಲ."

"ಎರಡು ಸಾಲು ಉಂಟಲ್ಲ ಮಾರಾಯ್ತಿ!"

"ಎರಡೂ. ಕೈ ನಡುಗಿಸ್ಬೇಡಿ."

ಗ್ಯಾಲರಿಯ ತುಂಬ ಜನ. ಆರೂವರೆ. ಕೆಳಗಿಂದ "ಒಂದು ಸಾಲಾಯ್ತು" ಎಂಬ ಕೂಗು. ಆರು ಮುಕ್ಕಾಲು. ಆಮೇಲೆ ಎಂಜಿನ್ ಗುರುಗುಟ್ಟಿತು. ಕಾರು ಒಂದು ಮೊಳ ಹಿಂದೆ ಬಂತು.

"ಬಿತ್ತು ರೀ ಅಕ್ಕಾರ!" ಎಂದು ಶಿವಪುತ್ರ ಅರಚಿದ.

ಮುಂದಿನದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಎಂಟಕ್ಕೆ ಏಳು ನಿಮಿಷ ಇರುವಾಗ ಪರೇಲ್ ಮುಟ್ಟಿದರು. ಬೆಡ್ ಸಿಕ್ಕಿತು, ಕವಾಟವೂ ಸರಿಯಾಯಿತು. ಆದರೆ ಎರಡು ಮಾಳಿಗೆ ಇನ್ನು ಹತ್ತಲೇಬಾರದು ಎಂದರು ಡಾಕ್ಟರು. ಪ್ರಣೀತಾ ಅಮ್ಮನನ್ನು ಆಸ್ಪತ್ರೆಯಿಂದ ನೇರ ಮುಲುಂಡಿಗೆ, ಲಿಫ್ಟಿರುವ ಬಿಲ್ಡಿಂಗಿಗೆ ಕರೆದೊಯ್ದಳು. ಹೊಲಿಗೆ ಮಿಷನ್ ಆಮೇಲೆ ಟೆಂಪೋದಲ್ಲಿ ಬಂತು.

ಅವತ್ತು ಅದು ಯಾರಿಗೆ ಗೊತ್ತಿತ್ತು? ಅವಳು ಅರ್ಧ ಹೊಲಿದ ರವಿಕೆಗೆ ಹಳೆ ಸೀರೆಯ ತುಂಡು ಹೊದಿಸಿದಳು. ಗ್ಯಾಸ್ ಬಂದ್ ಮಾಡಿದಳು. ಬೀಗ ಹಾಕಿ ಎರಡು ಸಲ ಜಗ್ಗಿ ನೋಡಿದಳು.

"ಬೇಗ ಬಾ! ನಿಧಾನ ಬಾ!" ಕೊರಗಪ್ಪ ಕೆಳಗಿಂದ ಕೂಗುತ್ತಿದ್ದ.

"ಎರಡರಲ್ಲಿ ಒಂದು ಹೇಳಿ" ಎನ್ನುತ್ತ ವಾರಿಜಾ ಕಟಾಂಜನ ಹಿಡಿದು ಮೊದಲ ಮೆಟ್ಟಿಲಿಗೆ ಕಾಲಿಟ್ಟಳು.